ವಿಜೇತ ಪುಡಿ: ಹಾಲುತೊಂಡೆಗೆ ಸರಿ, ಸಪ್ಪೆಗೆ ಅಷ್ಟಕ್ಕಷ್ಟೆ, ಗಂಟುರೋಗಕ್ಕೆ ಇಲ್ಲ

ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆಯ ರೇಷ್ಮೆ ಹುಳು ಮನೆಗಳಿಗೆ ವಿಜೇತ ಹೊಸದೇನಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ ಈ ಪುಡಿ ಹುಳುವಿನ ಹಾಸಿಗೆಯ (ತಟ್ಟೆಯಲ್ಲಿ ಹುಳು, ಸೊಪ್ಪು ಹರಡಿದ ಜಾಗ) ಸೋಂಕು ಕೊಲ್ಲುವುದಕ್ಕೆ. ಹುಳುವಿಗೆ ಕೊಡುವ ಔಷಧಿ ಅಂದುಕೊಂಡು ಹಾಕುವವರೂ ಇದ್ದಾರೆ. ‘ಪುಡಿ ಹೊಡೆದರೂ ಹುಳು ಹೋಯ್ತು’ ಅನ್ನುವ ದೂರು ಶುರುವಾಗುವುದೇ ಅಲ್ಲಿ.

ಹಾಲುತೊಂಡೆ ರೋಗವನ್ನೇ ನೋಡಿ. ಅದರ ವೈರಸ್ ಪ್ರೋಟೀನಿನ ಗಟ್ಟಿ ಹರಳಿನೊಳಗೆ ಕೂತಿರುತ್ತದೆ. ಸೊಪ್ಪಿನ ಜೊತೆ ಹೊಟ್ಟೆ ಸೇರಿದ ಹರಳು ಕರುಳಿನ ಕ್ಷಾರಕ್ಕೆ ಕರಗಿ, ವೈರಸ್ ರಕ್ತಕ್ಕೆ ಇಳಿಯುತ್ತದೆ. ಆಮೇಲೆ ಗೆಣ್ಣುಗೆಣ್ಣಿನ ನಡುವೆ ಊತ, ಚರ್ಮಕ್ಕೆ ಹೊಳಪು. ಹುಳು ಜ್ವರಕ್ಕೆ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಕೂರದೆ ತಟ್ಟೆಯ ಅಂಚಿನಲ್ಲೇ ಸುತ್ತುತ್ತದೆ. ಮುಟ್ಟಿದರೆ ಸಾಕು, ಚರ್ಮ ಹರಿದು ಹಾಲಿನಂಥ ದ್ರವ ಹಾಸಿಗೆಗೆ ಇಳಿಯುತ್ತದೆ, ಅದರ ತುಂಬ ಹರಳು. ಪಕ್ಕದ ಹುಳು ಅದನ್ನು ತಿನ್ನುವ ಮೊದಲೇ ಕೆಡಿಸುವುದಷ್ಟೇ ವಿಜೇತದ ಕೆಲಸ. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಒಳಗೆ ಹೋದದ್ದನ್ನು ಮುಟ್ಟಲಾರದು.

ಹಾಗಾಗಿ ಹೊತ್ತು ತಪ್ಪಬಾರದು. ಪ್ರತಿ ಜ್ವರ ಎದ್ದ ಮೇಲೆ, ಸೊಪ್ಪು ಹಾಕುವುದಕ್ಕೆ ಅರ್ಧ ಗಂಟೆ ಮುಂಚೆ. ಕೊನೆಗೆ ನಾಲ್ಕನೇ ಜ್ವರ ಎದ್ದ ನಾಲ್ಕನೇ ದಿನ ಇನ್ನೊಂದು ಸಲ. ಆಗಷ್ಟೇ ಪೊರೆ ಬಿಟ್ಟ ಹುಳುವಿಗೆ ಚರ್ಮ ಎಳೆಯದು, ಹಸಿವು ಜಾಸ್ತಿ, ಸೋಂಕು ಬೇಗ ಹತ್ತುತ್ತದೆ. ಚದರ ಅಡಿಗೆ ಸುಮಾರು 5 ಗ್ರಾಂ ಲೆಕ್ಕದಲ್ಲಿ 100 ಮೊಟ್ಟೆಯ (ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆ) ಸಾಕಣೆಗೆ 4ರಿಂದ 5 ಕೆಜಿ ಬೇಕು, ಅದರ ದೊಡ್ಡ ಪಾಲು ಕೊನೆಯ ಎರಡು ಸಲಕ್ಕೇ ಹೋಗುತ್ತದೆ. ಕೈಯಲ್ಲಿ ಎರಚಿದರೆ ಒಂದು ಕಡೆ ಗುಡ್ಡೆ, ಇನ್ನೊಂದು ಕಡೆ ಖಾಲಿ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ತಟ್ಟುತ್ತ ಹೋಗಿ. ಮೂಗಿಗೆ ಬಟ್ಟೆ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಕೆಲವು ಹುಳು ಇನ್ನೂ ಜ್ವರದಲ್ಲಿರುವಾಗ ಹಾಕುವುದು ಎಲ್ಲರೂ ಮಾಡುವ ತಪ್ಪು. ನೂರಕ್ಕೆ ತೊಂಬತ್ತೈದು ಎದ್ದಿರಲಿ, ಆಮೇಲೆ ಪುಡಿ.

ಸುಣ್ಣಕಟ್ಟು ರೋಗದ ದಾರಿ ಬೇರೆ. ಶಿಲೀಂಧ್ರದ ಬೀಜಕಣಕ್ಕೆ ಬಾಯಿಯ ಹಂಗಿಲ್ಲ, ಚರ್ಮದ ಮೇಲೆ ಬಿದ್ದು ಮೊಳೆತು ನೇರ ಕೊರೆಯುತ್ತದೆ. ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಾಗುತ್ತದೆ. (ಸೂಕ್ಷ್ಮಜೀವಿಯಿಂದ ಪ್ರಾಣಿಗೆ ರೋಗ ಬರುತ್ತದೆಂದು ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ತೋರಿಸಿದ್ದು ಇದೇ ರೋಗ ಹಿಡಿದು, ರೇಷ್ಮೆ ಹುಳುವಿನ ಋಣ ಬಟ್ಟೆಗಷ್ಟೇ ಅಲ್ಲ.) ಮಳೆ, ಚಳಿಗಾಲದಲ್ಲಿ ಬರಿ ವಿಜೇತ ನೆಚ್ಚಿಕೊಳ್ಳಬೇಡಿ. ಜ್ವರಕ್ಕೆ ಕೂರುವಾಗ ಸುಟ್ಟು ಅರಳಿಸಿದ ಸುಣ್ಣ ಉದುರಿಸಿ ಹಾಸಿಗೆ ಒಣಗಿಸಿ, ಸುಣ್ಣಕಟ್ಟಿಗೆಂದೇ ಇರುವ ವಿಜೇತ ಸಪ್ಲಿಮೆಂಟ್ ಕೂಡ ಕೇಳಿ ತನ್ನಿ.

ಸಪ್ಪೆ ರೋಗದಲ್ಲಿ ಪುಡಿಗೆ ಅರ್ಧ ಅಂಕ. ಒದ್ದೆ ಸೊಪ್ಪು, ಬಲಿತ ಸೊಪ್ಪು, ಬಿಸಿಲ ಧಗೆ, ಗಾಳಿಯಾಡದ ಮನೆ ಇವುಗಳಿಂದ ಸೋತ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಬೂದಿ ರೋಗ ಹಿಡಿದ ಹಿಪ್ಪುನೇರಳೆ ಎಲೆಯಲ್ಲೂ ಸತ್ವ ಕಡಿಮೆ. ಕಿಟಕಿ, ಸೊಪ್ಪು ಸರಿಮಾಡದೆ ಪುಡಿಯನ್ನು ಬೈದು ಏನು ಬಂತು?

ಗಂಟುರೋಗಕ್ಕೆ ಸೊನ್ನೆ. ಅದರ ನೊಸೆಮಾ ಪರಜೀವಿ ತಾಯಿ ಚಿಟ್ಟೆಯಿಂದಲೇ ಮೊಟ್ಟೆಗೆ ಬರುತ್ತದೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅದಕ್ಕೆ ಮುಖ್ಯ ದಾರಿ, ಹಾಗೆ ಪರೀಕ್ಷಿಸಿದ ಮೊಟ್ಟೆಯನ್ನೇ ಕೊಳ್ಳಿ.

ಕೊರತೆಯೆಂದರೆ, ತೇವ ತಾಗಿದರೆ ಪುಡಿ ಗಂಟುಕಟ್ಟುತ್ತದೆ. ಗಂಟುಕಟ್ಟಿದ್ದನ್ನು ಪುಡಿಮಾಡಿ ಬಳಸುವುದು ದಂಡ. ಅಂಗಡಿಯಲ್ಲೇ ಪ್ಯಾಕೆಟ್ ಹಿಸುಕಿ ನೋಡಿ, ತಾರೀಖು ನೋಡಿ. ಒಡೆದ ಪ್ಯಾಕೆಟನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಹುಳು ಮನೆಯಿಂದ ಆಚೆ ಇಡಿ. ರೋಗದ ಹುಳುವನ್ನು ಕಡ್ಡಿಯಲ್ಲಿ ಎತ್ತಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿಗೆ ಹಾಕಿ, ಹೂಳಿ. ಕೋಳಿಗೆ ಎಸೆದರೆ ಅದರ ಹಿಕ್ಕೆಯಲ್ಲಿ ಹರಳು ತೋಟಕ್ಕೆ ವಾಪಸ್ಸು ಬರುತ್ತದೆ.