ಡಿಎಬಿ ಕಂದು, ಎಇಸಿ ಕೆಂಪು: ಯಾವುದು ಹಾಕೋಣ?

ಅಂಗಾಂಶದ ಸ್ಲೈಡಿನಲ್ಲಿ ಒಂದು ಪ್ರೋಟೀನ್ ಎಲ್ಲಿದೆ ಅಂತ ಬಣ್ಣದಿಂದ ತೋರಿಸುವ ಪರೀಕ್ಷೆಗೆ (ಇಮ್ಯುನೊಹಿಸ್ಟೋಕೆಮಿಸ್ಟ್ರಿ) ಬಳಸುವ ಎರಡು ರಾಸಾಯನಿಕಗಳು ಡಿಎಬಿ, ಎಇಸಿ. ಆಂಟಿಬಾಡಿ ಹೋಗಿ ಆ ಪ್ರೋಟೀನಿಗೆ ಅಂಟುತ್ತದೆ, ಅದರ ಜೊತೆಗಿರುವ ಎಚ್‌ಆರ್‌ಪಿ ಕಿಣ್ವ ಈ ರಾಸಾಯನಿಕದಿಂದ ಬಣ್ಣ ಬರಿಸುತ್ತದೆ. ಅಲ್ಲಿವರೆಗೆ ಎರಡೂ ಒಂದೇ.

ಡಿಎಬಿಯ ಕಂದು ಆಲ್ಕೋಹಾಲ್, ಕ್ಸೈಲೀನ್‌ನಂಥ ದ್ರಾವಕಗಳಿಗೆ ಜಗ್ಗುವುದಿಲ್ಲ. ಡಿಪಿಎಕ್ಸ್ ಎಂಬ ಅಂಟು ಹಾಕಿ ಮುಚ್ಚಿದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಎಇಸಿಯ ಕೆಂಪು ಹಾಗಲ್ಲ. ಅಭ್ಯಾಸದ ಮೇಲೆ ಸ್ಲೈಡನ್ನು ಆಲ್ಕೋಹಾಲ್‌ಗೆ ಅದ್ದಿದಿರೋ, ನೀಲಿ ನ್ಯೂಕ್ಲಿಯಸ್‌ಗಳಷ್ಟೇ ಉಳಿಯುತ್ತವೆ, ಕೆಂಪು ಮಾಯ! ನ್ಯೂಕ್ಲಿಯಸ್ಸಿಗೆ ನೀಲಿ ಬರಿಸಲು ಆಲ್ಕೋಹಾಲ್ ಇಲ್ಲದ ಹೆಮಟಾಕ್ಸಿಲಿನ್, ಸ್ಲೈಡ್ ಮುಚ್ಚಲು ನೀರಿನ ಆಧಾರದ ಮೌಂಟಿಂಗ್ ಮೀಡಿಯಾ ಬೇಕೇ ಬೇಕು. ಆಮೇಲೂ ಬಣ್ಣ ಮಾಸುತ್ತದೆ, ಫೋಟೋ ಬೇಗ ತೆಗೆದಿಡಿ.

ಹಾಗಾದ್ರೆ ಎಇಸಿ ಯಾಕೆ? ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಸ್ಲೈಡ್ ನೋಡಿ. ಅದರ ಜೀವಕೋಶಗಳ ಸ್ವಂತ ಬಣ್ಣವಾದ ಮೆಲನಿನ್ನೂ ಕಂದು, ಡಿಎಬಿಯೂ ಕಂದು. ಗೊಂದಲ ಆಗುತ್ತೆ ಅಲ್ವಾ? ಅಲ್ಲಿ ಕೆಂಪೇ ಸರಿ. ಮಿಕ್ಕಿದ್ದಕ್ಕೆಲ್ಲ ನನ್ನ ಓಟು ಡಿಎಬಿಗೆ. ಆದ್ರೆ ಕ್ಯಾನ್ಸರ್ ತರಬಹುದು ಅನ್ನುವ ಅನುಮಾನ ಡಿಎಬಿ ಮೇಲಿದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಸಿಂಕಿಗೂ ಸುರಿಯಬೇಡಿ.