ಉಳಿತಾಯಕ್ಕೆ ಜೋಡಿಸಿದ ಗೃಹಸಾಲ: ನಾಲ್ಕು ವರ್ಷ ಬಳಸಿದ ಮೇಲೆ

ಕೈಯಲ್ಲಿ ಸ್ವಲ್ಪ ಹಣ ಸೇರಿದಾಗ ಅದನ್ನು ಸಾಲಕ್ಕೆ ಕಟ್ಟಬೇಕೋ ಉಳಿತಾಯಕ್ಕೆ ಇಡಬೇಕೋ ಎಂದು ತೀರ್ಮಾನಿಸಲಾಗದವರಿಗಾಗಿ ಕೆಲವು ಬ್ಯಾಂಕುಗಳು ಬೇರೆಯದೇ ಬಗೆಯ ಗೃಹಸಾಲವನ್ನು ಕೊಡುತ್ತವೆ. ಇದರಲ್ಲಿ ಸಾಲದ ಖಾತೆಗೆ ಒಂದು ಉಳಿತಾಯ ಖಾತೆಯನ್ನು ಜೋಡಿಸಿರುತ್ತಾರೆ. ಆ ಖಾತೆಯಲ್ಲಿ ಎಷ್ಟು ಹಣವಿದೆಯೋ ಅಷ್ಟನ್ನು ಬಾಕಿ ಅಸಲಿನಿಂದ ಕಳೆದು, ಉಳಿದ ಮೊತ್ತಕ್ಕೆ ಮಾತ್ರ ದಿನದ ಲೆಕ್ಕದಲ್ಲಿ ಬಡ್ಡಿ ಹಾಕುತ್ತಾರೆ. ಇಟ್ಟ ಹಣಕ್ಕೆ ಬೇರೆ ಬಡ್ಡಿ ಬರುವುದಿಲ್ಲ, ಆದರೆ ಬೇಕೆಂದ ದಿನ ಅದನ್ನು ಹಿಂದಕ್ಕೆ ತೆಗೆಯಬಹುದು. ಇಂಥ ಸಾಲವನ್ನು ನಾನು ನಾಲ್ಕು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ.

ಇದನ್ನು ಆರಿಸಿಕೊಳ್ಳಲು ನನ್ನ ಹಿಂದಿನ ಸಾಲದ ಅನುಭವವೇ ಕಾರಣ. ಆಗ ಋಣಮುಕ್ತನಾಗಬೇಕೆಂಬ ಆತುರದಲ್ಲಿ ಉಳಿಸಿದ್ದನ್ನೆಲ್ಲ ತಂದು ಅಸಲಿಗೆ ಕಟ್ಟಿದ್ದೆ. ಏಳೆಂಟು ತಿಂಗಳಲ್ಲಿ ಮನೆಯವರೊಬ್ಬರು ಆಸ್ಪತ್ರೆ ಸೇರಬೇಕಾಯಿತು, ಕಟ್ಟಿದ ಹಣವನ್ನು ಮರಳಿ ಪಡೆಯುವ ದಾರಿ ಇರಲಿಲ್ಲ, ಕೊನೆಗೆ ಗೃಹಸಾಲದ ಬಡ್ಡಿಗಿಂತ ಬಹಳ ಹೆಚ್ಚಿನ ದರಕ್ಕೆ ವೈಯಕ್ತಿಕ ಸಾಲ ಎತ್ತಿದೆ. ಬೇಗ ಕಟ್ಟಿದ್ದು ತಪ್ಪಾಗಿರಲಿಲ್ಲ. ಆಪತ್ತಿಗೆಂದು ಏನನ್ನೂ ಇಟ್ಟುಕೊಳ್ಳದೆ ಕಟ್ಟಿದ್ದು ತಪ್ಪು.

ಹಾಗೆಂದು ಬೇಗ ಕಟ್ಟುವುದರ ಲಾಭವನ್ನು ಯಾರೂ ಹಗುರವಾಗಿ ಕಾಣಬಾರದು. ಶೇ. 9ರ ದರದಲ್ಲಿ 20 ವರ್ಷಕ್ಕೆ ಒಂದು ಲಕ್ಷ ಸಾಲ ಪಡೆದರೆ ತಿಂಗಳ ಕಂತು ಸುಮಾರು 900 ಆಗುತ್ತದೆ. ಮೊದಲ ಕಂತಿನಲ್ಲಿ 750 ಬಡ್ಡಿಗೇ ಹೋಗಿ, ಅಸಲಿಗೆ ಸೇರುವುದು 150 ಮಾತ್ರ. ಒಂದು ವರ್ಷದಲ್ಲಿ ಹತ್ತಿರಹತ್ತಿರ 10,800 ಕಟ್ಟಿದರೂ ಅಸಲು ಇಳಿಯುವುದು 1,900ಕ್ಕಿಂತ ಕಡಿಮೆ. ಅದೇ ವರ್ಷದ ಕೊನೆಗೆ 10,000ವನ್ನು ಹೆಚ್ಚುವರಿಯಾಗಿ ಕಟ್ಟಿ, ಕಂತನ್ನು ಇಳಿಸದೆ ಹಾಗೆಯೇ ಮುಂದುವರಿಸಿದರೆ ಸಾಲ ನಿಗದಿತ ಅವಧಿಗಿಂತ ನಾಲ್ಕು ವರ್ಷಕ್ಕೂ ಹೆಚ್ಚು ಮುಂಚಿತವಾಗಿ ಮುಗಿದು, ಸುಮಾರು 35,000ದಷ್ಟು ಬಡ್ಡಿ ಉಳಿಯುತ್ತದೆ. ಅದೇ 10,000ವನ್ನು ಅಸಲಿಗೆ ಕಟ್ಟುವ ಬದಲು ಜೋಡಿ ಖಾತೆಯಲ್ಲಿ ಕದಲಿಸದೆ ಇಟ್ಟರೂ, ದರ ಒಂದೇ ಆಗಿದ್ದರೆ, ಫಲ ಇದೇ. ಈ ಸಾಲದ ನಿಜವಾದ ಗುಣ ಇಲ್ಲಿದೆ: ಕಟ್ಟಿದ್ದರಿಂದ ಆಗುವ ಲಾಭವೂ ಸಿಗುತ್ತದೆ, ಹಣವೂ ಕೈತಪ್ಪುವುದಿಲ್ಲ.

ಠೇವಣಿಯೊಂದಿಗೆ ಹೋಲಿಸುವಾಗ ತೆರಿಗೆಯನ್ನು ಮರೆಯಬಾರದು. ಠೇವಣಿಯ ಬಡ್ಡಿ ಆದಾಯವೆನಿಸುವುದರಿಂದ ಅದಕ್ಕೆ ಶೇ. 30ರಷ್ಟು ತೆರಿಗೆ ಬೀಳುವುದಾದರೆ, ಶೇ. 9ರ ಸಾಲವನ್ನು ತಗ್ಗಿಸಿದ್ದಕ್ಕೆ ಸರಿಸಮನಾಗಲು ಆ ಠೇವಣಿ ಶೇ. 12.86ರಷ್ಟು ಗಳಿಸಬೇಕಾಗುತ್ತದೆ, ಉಳಿಸಿದ ಸಾಲದ ಬಡ್ಡಿಗಾದರೋ ತೆರಿಗೆಯಿಲ್ಲ. ಗೃಹಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇರುವ ಕಡೆ ಈ ಅಂತರ ಕಿರಿದಾಗುತ್ತದೆ.

ಇನ್ನು ಕೊರತೆಗಳು. ಈ ಅನುಕೂಲಕ್ಕೆ ಬ್ಯಾಂಕು ಬೆಲೆ ಕಟ್ಟಿಯೇ ಇರುತ್ತದೆ. ನನ್ನ ಸಾಲದ ದರ ಅದೇ ಬ್ಯಾಂಕಿನ ಸಾಮಾನ್ಯ ಗೃಹಸಾಲಕ್ಕಿಂತ ಶೇ. 0.4ರಷ್ಟು ಹೆಚ್ಚು, ಮತ್ತು ಈ ಹೆಚ್ಚಳ ಜೋಡಿ ಖಾತೆಯಲ್ಲಿ ಹಣವಿರಲಿ ಇಲ್ಲದಿರಲಿ ಉಳಿದ ಅಸಲಿಗೆಲ್ಲ ಅನ್ವಯಿಸುತ್ತದೆ. ಶೇ. 9ರ ಬದಲು ಶೇ. 9.4 ತೆರುವವನು ಬಾಕಿಯ ನೂರಕ್ಕೆ ನಾಲ್ಕೂಕಾಲು ಭಾಗದಷ್ಟು ಹಣವನ್ನು ಸದಾ ಖಾತೆಯಲ್ಲಿ ಇಟ್ಟಿದ್ದರೆ ಮಾತ್ರ ಆ ಹೆಚ್ಚಳ ಸರಿತೂಗುತ್ತದೆ, ಲಾಭ ಆರಂಭವಾಗುವುದು ಅದಕ್ಕೂ ಮೇಲಿನ ಮೊತ್ತದಿಂದ. ಈ ಲೆಕ್ಕವನ್ನು ಸಾಲ ಕೊಡುವಾಗ ನನಗೆ ಯಾರೂ ಹೇಳಲಿಲ್ಲ. ಮೊದಲ ವರ್ಷವೆಲ್ಲ ಖಾತೆಯಲ್ಲಿ ಅದಕ್ಕಿಂತ ಕಡಿಮೆ ಹಣವಿದ್ದುದರಿಂದ ನಾನು ನಷ್ಟದಲ್ಲಿದ್ದೆ, ಅದು ತಿಳಿದದ್ದು ನಾನೇ ಕುಳಿತು ಲೆಕ್ಕ ಹಾಕಿದ ಮೇಲೆ. ಬ್ಯಾಂಕು ಕಳುಹಿಸುವ ಖಾತೆ ವಿವರದಲ್ಲಿ ಆ ತಿಂಗಳು ಎಷ್ಟು ಬಡ್ಡಿ ಉಳಿಯಿತೆಂಬ ಸಾಲು ಇಂದಿಗೂ ಇಲ್ಲ. ಗ್ರಾಹಕನಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಸಂಖ್ಯೆ ಅದು, ಅದನ್ನು ಮುದ್ರಿಸದಿರುವುದು ಸರಿಯಲ್ಲ.

ಇನ್ನೊಂದು ತೊಡಕು ನಮ್ಮ ಸ್ವಭಾವದ್ದು. ಅಸಲಿಗೆ ಕಟ್ಟಿದ ಹಣ ಮರಳಿ ಬರುವುದಿಲ್ಲವಾದ್ದರಿಂದ ಅದು ಭದ್ರ. ಕಾರ್ಡಿಗೆ ಎಟಕುವ ಹಣಕ್ಕೆ ಆ ಭದ್ರತೆಯಿಲ್ಲ. ಎರಡನೆಯ ವರ್ಷ ನಾನು ಅಗತ್ಯವಿಲ್ಲದ ವಾಹನವೊಂದಕ್ಕೆ ಅದರಿಂದ ದೊಡ್ಡ ಮೊತ್ತ ತೆಗೆದೆ, ಮರು ತಿಂಗಳಿನಿಂದಲೇ ಬಡ್ಡಿ ಏರಿತು. ಅಂದಿನಿಂದ ಆ ಖಾತೆಯ ಕಾರ್ಡನ್ನು ಬಳಸುತ್ತಿಲ್ಲ.

ಸಂಬಳವನ್ನು ನೇರವಾಗಿ ಜೋಡಿ ಖಾತೆಗೆ ಹಾಕಿಸಿಕೊಂಡದ್ದು ಮಾತ್ರ ಒಳ್ಳೆಯ ನಿರ್ಧಾರವಾಯಿತು. ಬಡ್ಡಿ ದಿನದ ಲೆಕ್ಕದ್ದಾದ್ದರಿಂದ ಖರ್ಚಾಗುವ ಮುನ್ನ ಹದಿನೈದಿಪ್ಪತ್ತು ದಿನ ಅಲ್ಲಿ ನಿಂತ ಹಣವೂ ದುಡಿಯುತ್ತದೆ.

ಆರು ತಿಂಗಳ ಮನೆಖರ್ಚಿಗೆ ಆಗುವಷ್ಟು ಹಣವನ್ನು ಹೇಗಿದ್ದರೂ ಕೈಗೆಟಕುವಂತೆ ಇಡುವವರಿಗೆ, ಆದಾಯ ಏರಿಳಿಯುವ ಸ್ವಂತ ಉದ್ಯೋಗಿಗಳಿಗೆ ಈ ಸಾಲವನ್ನು ಧೈರ್ಯವಾಗಿ ಸೂಚಿಸುತ್ತೇನೆ. ಉಳಿತಾಯ ಇನ್ನೂ ಕೂಡದವರಿಗೆ ಕಡಿಮೆ ದರದ ಸಾಮಾನ್ಯ ಸಾಲವೇ ಮೇಲು. ಕ್ರೆಡಿಟ್ ಕಾರ್ಡಿನ ಬಾಕಿ ಇರುವವರು ಇದರ ಯೋಚನೆಗೂ ಮುನ್ನ ಅದನ್ನು ತೀರಿಸಲಿ, ಏಕೆಂದರೆ ಅಲ್ಲಿ ಕಟ್ಟಿದ ಹಣ ಉಳಿಸುವಷ್ಟು ಬಡ್ಡಿಯನ್ನು ಯಾವ ಜೋಡಿ ಖಾತೆಯೂ ಉಳಿಸಿಕೊಡದು. ಸಹಿ ಹಾಕುವ ಮುನ್ನ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ಪಡೆಯಿರಿ: ಸಾಮಾನ್ಯ ಸಾಲಕ್ಕಿಂತ ದರ ಎಷ್ಟು ಹೆಚ್ಚು, ಉಳಿದ ಬಡ್ಡಿಯಿಂದ ಕಂತು ಇಳಿಯುವುದೋ ಅವಧಿ ಇಳಿಯುವುದೋ, ಮತ್ತು ಒಮ್ಮೆಗೇ ತೀರಿಸಹೊರಟರೆ ದಂಡ ಉಂಟೋ ಇಲ್ಲವೋ.