ಪೂಲ್ ಟೆಸ್ಟರ್: ಊರಲ್ಲಿ ಸಾವಾದ ಮೇಲೂ ಕ್ಲೋರಿನ್ ಅಳೆಯಬೇಕಾದವರಿಗೆ

"ಕೊನೆಗೆ ಬಾಯಿಗೆ ಎರಡು ಹನಿ ನೀರು ಬಿಡಲೂ ಆಗಲಿಲ್ಲ." ಹೆತ್ತವರೋ ಅಜ್ಜ ಅಜ್ಜಿಯೋ ತೀರಿಕೊಂಡಾಗ ದೂರದಲ್ಲಿದ್ದ ಮಕ್ಕಳು ಹೇಳುವ ಮಾತು ಇದು. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆಯಿಂದ ಹೊರದೇಶಕ್ಕೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ಕುಡಿಯುವ ನೀರಿನ ಕೆಲಸ ಮಾಡುವವರಿಗೆ ಇದು ಇನ್ನಷ್ಟು ಆಳಕ್ಕೆ ನಾಟುತ್ತದೆ. ಅವರು ದಿನವಿಡೀ ಊರಿಗೂರಿಗೇ ನೀರು ಕುಡಿಸುತ್ತಿರುತ್ತಾರೆ. ದಹನವೋ ದಫನವೋ ಅದೇ ದಿನ ಮುಗಿದುಹೋಗುತ್ತದೆ. ಶಿಬಿರದಿಂದ ಹೊರಟು ಊರು ಮುಟ್ಟುವಾಗ ಬೊಜ್ಜ, ಅಂದರೆ ಉತ್ತರಕ್ರಿಯೆ, ಸಿಕ್ಕಿದರೆ ಪುಣ್ಯ. ಬದಲಿ ಜನ ಬರುವ ತನಕ ಟ್ಯಾಂಕಿಗೆ ಕ್ಲೋರಿನ್ ಹಾಕುವ ಕೆಲಸ ಹೆಚ್ಚಾಗಿ ಅವರ ತಲೆಯ ಮೇಲೆಯೇ ಇರುತ್ತದೆ. ನಿದ್ದೆ ಇಲ್ಲದ, ಲೆಕ್ಕ ನೆನಪಿನಲ್ಲಿ ನಿಲ್ಲದ ಆ ಕೆಲವು ದಿನಗಳಲ್ಲಿ ಯಾವ ಸಲಕರಣೆಯನ್ನು ನಂಬಬಹುದು ಎಂಬ ಒಂದೇ ದೃಷ್ಟಿಯಿಂದ ಈ ವಿಮರ್ಶೆ.

ವಸ್ತು ಸಣ್ಣದು. ಅಂಗೈಯಲ್ಲಿ ಹಿಡಿಯುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ನೀರು ತುಂಬುವ ಕೋಣೆಗಳು, ಪಕ್ಕದಲ್ಲಿ ಬಣ್ಣದ ಮೆಟ್ಟಿಲುಗಳು. ಈಜುಕೊಳದವರಿಗಾಗಿ ಮಾಡಿದ್ದರಿಂದ ಪೂಲ್ ಟೆಸ್ಟರ್ ಎಂಬ ಹೆಸರು ಉಳಿದಿದೆ. ಲೋವಿಬಾಂಡ್, ಪ್ಯಾಲಿನ್‌ಟೆಸ್ಟ್ ಕಂಪೆನಿಗಳು ಮಾಡುತ್ತವೆ. ಒಂದು ಕೋಣೆಗೆ ಡಿಪಿಡಿ 1 ಮಾತ್ರೆ, ನೀರಿನಲ್ಲಿ ಉಳಿದ ಕ್ಲೋರಿನ್ ಅಳೆಯಲು. ಇನ್ನೊಂದಕ್ಕೆ ಫಿನಾಲ್ ರೆಡ್, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್‌ಗಾಗಿ.

ಬಳಸುವಾಗ ಕೋಣೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಗೆರೆಯ ತನಕ ತುಂಬಬೇಕು. ಮಾತ್ರೆಯನ್ನು ಬೆರಳಲ್ಲಿ ಮುಟ್ಟದೆ ಫಾಯಿಲಿನಿಂದ ನೇರವಾಗಿ ಬೀಳಿಸಬೇಕು. ಮುಚ್ಚಳ ಹಾಕಿ ಅಲ್ಲಾಡಿಸಿ, ಕರಗಿದ ಕೂಡಲೇ ನೆರಳಿನ ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು. ತಿಳಿ ಗುಲಾಬಿಯಾದರೆ ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು, ದಾಸವಾಳದ ಕೆಂಪಿಗೆ ತಿರುಗಿದರೆ ಹಲವು ಪಟ್ಟು ಹೆಚ್ಚು. ತಡ ಮಾಡಿದರೆ ಬಣ್ಣ ತಾನಾಗಿ ಗಾಢವಾಗುತ್ತಾ ಹೋಗಿ ಸುಳ್ಳು ಅಂಕಿ ತೋರಿಸುತ್ತದೆ. ಮಾತ್ರೆ ಹಾಕಿದ ಮೇಲೆ ಮನೆಯಿಂದ ಫೋನ್ ಬಂದು, ಮಾತಾಡಿ ಬಂದು ನೋಡಿದ ಅಂಕಿಯನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಡಿ. ಚೆಲ್ಲಿ ಮತ್ತೆ ಮಾಡಿ. ಮಾತ್ರೆ ಕೊಳ್ಳುವಾಗ "ರ‍್ಯಾಪಿಡ್" ಎಂದು ಬರೆದದ್ದನ್ನೇ ಕೇಳಿ. ಬಣ್ಣವನ್ನು ಯಂತ್ರವೇ ಓದುವ ಫೋಟೋಮೀಟರಿಗೆಂದು ಮಾಡಿದ ಮಾತ್ರೆ ಬೇರೆ, ಅದನ್ನು ಕಡ್ಡಿಯಿಂದ ಪುಡಿ ಮಾಡದಿದ್ದರೆ ಸರಿಯಾಗಿ ಕರಗುವುದಿಲ್ಲ.

ಈ ಪೆಟ್ಟಿಗೆಯ ಬೆಲೆ ಗೊತ್ತಾಗುವುದು ಜಾರ್ ಟೆಸ್ಟಿನಲ್ಲಿ, ಅಂದರೆ ಟ್ಯಾಂಕಿಗೆ ಎಷ್ಟು ಕ್ಲೋರಿನ್ ಬೇಕೆಂದು ಮೊದಲು ಬಕೆಟಿನಲ್ಲಿ ಹಾಕಿ ನೋಡುವಾಗ. ಮೊದಲು 1 ಶೇಕಡಾ ದ್ರಾವಣ ಬೇಕು: ಶೇಕಡಾ 65-70 ಕ್ಲೋರಿನ್ ಇರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ, ಅಂದರೆ ಎಚ್‌ಟಿಎಚ್ ಆದರೆ ಲೀಟರಿಗೆ 15 ಗ್ರಾಂ, ನಮ್ಮ ಪಂಚಾಯತಿನವರು ಬಾವಿಗೆ ಹಾಕುವಂಥ ಶೇಕಡಾ 30ರ ಬ್ಲೀಚಿಂಗ್ ಪೌಡರ್ ಆದರೆ 33 ಗ್ರಾಂ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಹೊಯ್ಯಬಾರದು. ಲೋಹದ ಪಾತ್ರೆ ಬೇಡ. 20 ಲೀಟರಿನ ನಾಲ್ಕು ಬಕೆಟುಗಳಲ್ಲಿ ಮೂಲದ ನೀರು ತುಂಬಿ ಸಿರಿಂಜಿನಿಂದ 1, 2, 3, 4 ಮಿಲಿಲೀಟರ್ ದ್ರಾವಣ ಹಾಕಿ ಕಲಸಿ, ಅರ್ಧ ಗಂಟೆ ಬಿಟ್ಟು ಒಂದೊಂದನ್ನೂ ಪರೀಕ್ಷಿಸಬೇಕು. ನೀರಿನಲ್ಲಿರುವ ಕೊಳೆ ಮೊದಲು ತನ್ನ ಪಾಲಿನ ಕ್ಲೋರಿನನ್ನು ತಿಂದುಬಿಡುತ್ತದೆ, ಆದ್ದರಿಂದ ಮೊದಲ ಬಕೆಟಿನಲ್ಲಿ ಬಣ್ಣವೇ ಬಾರದಿರಬಹುದು. ಮೂರನೆಯದು ಬೇಕಾದಷ್ಟು, ಅಂದರೆ ಲೀಟರಿಗೆ 0.5 ಮಿಲಿಗ್ರಾಂ ತೋರಿಸಿತು ಎನ್ನಿ. 10,000 ಲೀಟರಿನ ಟ್ಯಾಂಕ್ ಎಂದರೆ 500 ಬಕೆಟ್, ಹಾಗಾಗಿ 1,500 ಮಿಲಿಲೀಟರ್, ಅಂದರೆ ಒಂದೂವರೆ ಲೀಟರ್ ದ್ರಾವಣ. ತಲೆಗೆ ದಿನಕ್ಕೆ 15 ಲೀಟರಿನಂತೆ ಆ ಟ್ಯಾಂಕ್ ಸುಮಾರು 660 ಜನರ ಒಂದು ದಿನದ ನೀರು.

ದುಃಖದಲ್ಲಿರುವವರ ಕೈ ತಪ್ಪುವುದು ಇದೇ ಜಾಗದಲ್ಲಿ. ಒಂದೂವರೆ ಹೋಗಿ ಹದಿನೈದು ಲೀಟರ್ ಆಗುತ್ತದೆ, ಇಲ್ಲವೇ ಬೆಳಗ್ಗೆ ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿಬಿಡುತ್ತಾರೆ. ಎರಡನೆಯದಾದರೆ ಬಣ್ಣ ಗಾಢವಾಗಿ ಬರುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಅಪಾಯ. ಕ್ಲೋರಿನ್ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ ಅದು ಡಿಪಿಡಿಯ ಬಣ್ಣವನ್ನೇ ಅಳಿಸಿಹಾಕುತ್ತದೆ. ಮಾತ್ರೆ ಬಿದ್ದ ಕ್ಷಣ ಒಂದು ಗುಲಾಬಿ ಎಳೆ ಕೆಳಕ್ಕೆ ಇಳಿಯುತ್ತದೆ, ಅಲ್ಲಾಡಿಸುವಷ್ಟರಲ್ಲಿ ಮಾಯವಾಗಿ ನೀರು ತಿಳಿಯಾಗುತ್ತದೆ. ತಿಳಿ ನೀರು ಎಂದರೆ ಸೊನ್ನೆ ಎಂದು ಓದಿದವರು ಇನ್ನಷ್ಟು ದ್ರಾವಣ ಸುರಿಯುತ್ತಾರೆ. ವಾಸನೆ ತಾಳಲಾರದೆ ಜನ ನಳ್ಳಿ ಬಿಟ್ಟು ತೋಡಿನ ನೀರಿಗೆ ಹೋಗುತ್ತಾರೆ, ಭೇದಿ ಅಲ್ಲಿಂದ ಶುರುವಾಗುತ್ತದೆ.

ಪೆಟ್ಟಿಗೆಯ ಎರಡನೇ ಕೋಣೆ ಇಲ್ಲಿ ಕಾಪಾಡುತ್ತದೆ. ಕ್ಲೋರಿನ್ ವಿಪರೀತವಾದಾಗ ಫಿನಾಲ್ ರೆಡ್ ಹಳದಿಗೂ ಕೆಂಪಿಗೂ ನಿಲ್ಲದೆ ನೇರಳೆಗೆ ತಿರುಗುತ್ತದೆ. ಒಂದು ಕಡೆ ಬಣ್ಣವೇ ಇಲ್ಲ, ಇನ್ನೊಂದು ಕಡೆ ನೇರಳೆ ಎಂದರೆ ಸುರಿದದ್ದು ಹೆಚ್ಚಾಗಿದೆ ಎಂದೇ ಅರ್ಥ. ಖಚಿತ ಮಾಡಿಕೊಳ್ಳಲು ಒಂದು ಪಾಲು ಆ ನೀರಿಗೆ ಒಂಬತ್ತು ಪಾಲು ಕ್ಲೋರಿನ್ ಇಲ್ಲದ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ. ಕ್ಲೋರಿನ್ ಒಂದನ್ನೇ ಅಳೆಯುವ ಅಗ್ಗದ ಪೆಟ್ಟಿಗೆಗಿಂತ ಎರಡು ಕೋಣೆಯದ್ದು ಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಬೇರೆ ಸಲಕರಣೆಗಳ ಜೊತೆ ಹೋಲಿಸಿದರೆ, ಅದ್ದಿ ನೋಡುವ ಪಟ್ಟಿಗಳಲ್ಲಿ 0.2ಕ್ಕೂ 0.5ಕ್ಕೂ ವ್ಯತ್ಯಾಸ ಕಾಣುವುದು ಕಷ್ಟ, ತೇವಕ್ಕೆ ಬೇಗ ಕೆಡುತ್ತವೆ. ಹಳದಿ ಬಣ್ಣ ಬರುವ ಆರ್ಥೋಟಾಲಿಡಿನ್ ಹನಿಗಳ ಕ್ಲೋರೋಸ್ಕೋಪ್ ನಮ್ಮಲ್ಲಿ ಇನ್ನೂ ಸಿಗುತ್ತದೆ. ಅದು ಕೊಳೆಯ ಜೊತೆ ಸೇರಿಹೋದ ಕ್ಲೋರಿನನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಆ ರಾಸಾಯನಿಕ ಆರೋಗ್ಯಕ್ಕೂ ಒಳ್ಳೆಯದಲ್ಲ. ಫೋಟೋಮೀಟರ್ ನಿಖರ, ಆದರೆ ಸೊನ್ನೆ ಹಿಡಿಯುವುದು, ಗಾಜು ಒರೆಸುವುದು, ಬ್ಯಾಟರಿ ಎಂದು ಹೆಜ್ಜೆಗಳು ಹೆಚ್ಚು. ಮನಸ್ಸು ನಿಲ್ಲದ ದಿನ ಒಂದು ಹೆಜ್ಜೆ ಬಿಟ್ಟರೂ ಪರದೆಯ ಮೇಲೆ ಯಾವುದೋ ಒಂದು ಅಂಕಿ ಬಂದೇ ಬರುತ್ತದೆ, ಅದು ಸರಿಯೆಂದೇ ಕಾಣುತ್ತದೆ. ಬಣ್ಣವನ್ನಾದರೆ ಪಕ್ಕದಲ್ಲಿ ನಿಂತ ಸ್ಥಳೀಯ ಸಹಾಯಕರೂ ನೋಡಿ ಹೇಳಬಹುದು, ಭಾಷೆ ಬೇಕಾಗಿಲ್ಲ.

ದೋಷಗಳು ಇಲ್ಲವೆಂದಲ್ಲ. ಕೋಣೆಯ ಗೋಡೆಗೆ ಗುಲಾಬಿ ಕಲೆ ಹಿಡಿಯುತ್ತದೆ, ಪ್ರತಿ ಸಲ ಮೆತ್ತಗಿನ ಬ್ರಷ್‌ನಿಂದ ತೊಳೆಯಬೇಕು. ಒಟ್ಟು ಕ್ಲೋರಿನಿಗೆಂದು ಡಿಪಿಡಿ 3 ಹಾಕಿದ ಕೋಣೆಯನ್ನು ಚೆನ್ನಾಗಿ ತೊಳೆಯದಿದ್ದರೆ ಮುಂದಿನ ಅಂಕಿ ಏರಿ ಬರುತ್ತದೆ. ಸಂಜೆ ಲ್ಯಾಂಪಿನ ಹಳದಿ ಬೆಳಕಿನಲ್ಲಿ ಬಣ್ಣ ಓದಲಾಗದು. ನೀರು ಕಲಕಾಗಿದ್ದರೆ ಈ ಪೆಟ್ಟಿಗೆ ಅದನ್ನು ಹೇಳುವುದಿಲ್ಲ. ಕಲಕಿನ ಅಳತೆಯಲ್ಲಿ 5 ಎನ್‌ಟಿಯುಗಿಂತ ಕೆಸರಾದ ನೀರನ್ನು ಮೊದಲು ತಿಳಿಗೊಳಿಸಬೇಕು.

ಸಾವಿನ ಸುದ್ದಿ ಬಂದ ದಿನವೇ ಮಾಡಬೇಕಾದ್ದು ಇಷ್ಟು. ಟ್ಯಾಂಕಿನ ಮೈಮೇಲೆ ಎಣ್ಣೆಬಣ್ಣದಲ್ಲಿ ದ್ರಾವಣದ ಅಳತೆ ಬರೆಯಿಸಿ. ಅಷ್ಟೇ ಹಿಡಿಯುವ ಒಂದು ಡಬ್ಬ ಗೊತ್ತು ಮಾಡಿ, ಒಂದು ಟ್ಯಾಂಕಿಗೆ ಒಂದೇ ಡಬ್ಬ, ಉಳಿದವನ್ನು ಅಲ್ಲಿಂದ ತೆಗೆದಿಡಿ. ಸುರಿಯುವವರು ಒಬ್ಬರು, ಬಣ್ಣ ನೋಡಿ ಬರೆಯುವವರು ಇನ್ನೊಬ್ಬರು ಇರಲಿ. ಹಾಕಿದ ಹೊತ್ತನ್ನು ಆಗಲೇ ಬರೆಯಲಿ. ಎಚ್‌ಟಿಎಚ್ ಡ್ರಮ್ಮಿನ ಹತ್ತಿರಕ್ಕೆ ಇನ್ನೊಂದು ಬಗೆಯ ಕ್ಲೋರಿನಿನ ಎನ್‌ಎಡಿಸಿಸಿ ಮಾತ್ರೆ, ಡೀಸೆಲ್ ಬಾರದಂತೆ ಬೇರೆ ಕೋಣೆಗೆ ಹಾಕಿ, ಅವು ಸೇರಿದರೆ ಬೆಂಕಿ ಏಳುತ್ತದೆ. ಮೈಮರೆತ ದಿನ ಗೋದಾಮಿಗೆ ಒಬ್ಬರೇ ಹೋಗಬೇಡಿ.

ಇನ್ನೊಂದು ಮಾತು, ಹೇಳಿಕೊಳ್ಳಲು ಹಿಂಜರಿಯುವಂಥದ್ದು. ಸೂತಕದ ಮನೆಯ ನೀರನ್ನು ಹೊರಗಿನವರು ಕುಡಿಯುವುದಿಲ್ಲ ಎಂದು ಕೇಳಿಯೇ ಬೆಳೆದವರು ನಾವು. ಆ ಹತ್ತು ದಿನ ನೂರಾರು ಮಂದಿಗೆ ನೀರು ಕೊಡುವಾಗ ಮನಸ್ಸಿಗೆ ಚುಚ್ಚಿದರೆ ಒಳಗೇ ಇಟ್ಟುಕೊಳ್ಳಬೇಡಿ, ಮನೆಯ ಹಿರಿಯರಿಗೆ ಫೋನ್ ಮಾಡಿ ಕೇಳಿಬಿಡಿ. "ಬಾಯಾರಿದವರಿಗೆ ಕೊಡು ಮಗಾ" ಎಂದು ಅವರ ಬಾಯಿಂದಲೇ ಕೇಳಿದರೆ ಕೈ ನಡುಗುವುದು ಕಮ್ಮಿಯಾಗುತ್ತದೆ.

ಊರಿಗೆ ಹೊರಡುವಾಗ ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಳ್ಳಿ, ಮಾತ್ರೆಯ ಎರಡು ಪಟ್ಟಿ ಸಾಕು. ಬೊಜ್ಜಕ್ಕೆ ಜನ ಸೇರುತ್ತಾರೆ, ಕೇರಳದಲ್ಲಿ ಊಟದ ಮನೆಗಳಿಂದ ಹಳದಿ ಕಾಮಾಲೆ ಹರಡಿದ್ದು ಅಪರೂಪವಲ್ಲ. ಬಾವಿಯ ವ್ಯಾಸ ಎರಡೂವರೆ ಮೀಟರ್, ನೀರು ಮೂರು ಮೀಟರ್ ಇದ್ದರೆ ಸುಮಾರು 14,700 ಲೀಟರ್ ಆಯಿತು. ಸಾವಿರ ಲೀಟರಿಗೆ 5 ಗ್ರಾಂನಂತೆ 75 ಗ್ರಾಂ ಬ್ಲೀಚಿಂಗ್ ಪೌಡರ್, ಅದೂ ಹೊಸ ಪ್ಯಾಕೆಟಿನದ್ದು; ಮಳೆಗಾಲ ಕಳೆದ ಗಂಟುಗಟ್ಟಿದ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಮಾತ್ರ ಕೊಡಪಾನಕ್ಕೆ ಬಸಿದು, ನೀರೊಳಗೆ ಇಳಿಸಿ ಮೇಲೆ ಕೆಳಗೆ ಎಳೆದಾಡಿ. ಹಿಂದಿನ ಸಂಜೆಯೇ ಮಾಡಿ, ಬೆಳಗ್ಗೆ ಅಳೆಯಿರಿ. ಮನೆಗೆ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರಾದರೆ ಸುರಂಗದ ಬಾಯಿಯಲ್ಲಿ ಹಾಕಿ ಪ್ರಯೋಜನವಿಲ್ಲ, ಹರಿದುಹೋಗುತ್ತದೆ, ತುಂಬಿಡುವ ಟಾಂಕಿಗೆ ಹಾಕಬೇಕು. ನಮ್ಮ ಮುರಕಲ್ಲಿನ ನೀರು ಹೆಚ್ಚಾಗಿ ಹುಳಿ ಗುಣದ್ದು. ಫಿನಾಲ್ ರೆಡ್ಡಿನ ಬಣ್ಣದ ಮೆಟ್ಟಿಲು ಕೆಳಗೆ 6.8ಕ್ಕೆ ನಿಂತುಬಿಡುವುದರಿಂದ ಎಲ್ಲ ಮನೆಯಲ್ಲೂ ಒಂದೇ ಹಳದಿ ಕಾಣುತ್ತದೆ, ಗಾಬರಿ ಬೇಡ, ಕ್ಲೋರಿನಿಗೆ ಅದು ಅನುಕೂಲವೇ. ಬೆಳಗ್ಗೆ 0.2ಕ್ಕಿಂತ ಕೆಳಗಿದ್ದರೆ ಅಡುಗೆಯವರಿಗೆ ಹೇಳಿ, ಕುಡಿಯಲು ಕೊಡುವ ನೀರು ಚೆನ್ನಾಗಿ ಕುದಿಸಿದ್ದೇ ಇರಲಿ, ಪಾನಕಕ್ಕೂ ಹಸಿ ನೀರು ಬೇಡ.